ಮೆಕ್ಸಿಕೊ ಸಿಟಿಯ ಹಳೆಯ ಪೇಟೆ ಮತ್ತು ಮಾನವಶಾಸ್ತ್ರ ಮ್ಯೂಸಿಯಂ: ಒಂದೇ ದಿನದ ಪ್ಯಾಕೇಜೋ, ಎರಡು ದಿನದ ಬಿಡಿ ನೋಟವೋ?

ಮೆಕ್ಸಿಕೊ ಸಿಟಿಯ ಹಳೆಯ ಪೇಟೆಯನ್ನೂ ಅಲ್ಲಿನ ರಾಷ್ಟ್ರೀಯ ಮಾನವಶಾಸ್ತ್ರ ಮ್ಯೂಸಿಯಮ್ಮನ್ನೂ ಒಂದೇ ದಿನದಲ್ಲಿ ತೋರಿಸಿಬಿಡುವ ಗೈಡೆಡ್ ಟೂರ್‌ಗಳು ಬೇಕಾದಷ್ಟಿವೆ. ಅಂಥದ್ದೊಂದಕ್ಕೆ ಹಣ ತೆತ್ತು ಹೋಗಿಬಂದು, ಅದರಲ್ಲಿ ತೃಪ್ತಿ ಸಿಗದೆ ಅವೇ ಎರಡು ಜಾಗಗಳನ್ನು ಬೇರೆ ಬೇರೆ ದಿನ, ಬೇರೆಯದೇ ರೀತಿಯಲ್ಲಿ ಮತ್ತೆ ನೋಡಿದ್ದರಿಂದ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ. ನನ್ನ ಒಲವು ಎತ್ತ ಎಂಬುದನ್ನು ಮುಚ್ಚಿಡುವ ಅಗತ್ಯವಿಲ್ಲ. ಒಂದು ಬೆಳಿಗ್ಗೆ ಪೇಟೆಯಲ್ಲಿ ಗೈಡ್ ಜೊತೆ ನಡೆಯುವುದು, ಇನ್ನೊಂದು ದಿನವನ್ನು ಪೂರ್ತಿಯಾಗಿ ಮ್ಯೂಸಿಯಮ್ಮಿಗೆ ಬಿಟ್ಟುಕೊಡುವುದು, ಇದೇ ನನಗೆ ಹಿಡಿಸಿದ ಕ್ರಮ.

ಈ ಎರಡು ಜಾಗಗಳನ್ನು ಜೋಡಿಸಿಯೇ ನೋಡಬೇಕೆನ್ನುವ ಟೂರ್ ಕಂಪನಿಗಳ ತರ್ಕವೇನೋ ಸರಿಯಾಗಿದೆ. 1325ರಲ್ಲಿ ಸರೋವರದ ನಡುಗಡ್ಡೆಯ ಮೇಲೆ ಮೆಶಿಕಾ ಜನ, ಅಂದರೆ ನಾವು ಆಜ್ಟೆಕ್ ಎಂದು ಕರೆಯುವವರು, ಕಟ್ಟಿದರೆನ್ನಲಾದ ತೆನೊಚ್ತಿತ್ಲಾನ್ ನಗರ 1521ರಲ್ಲಿ ಸ್ಪೇನಿನವರ ಕೈಸೇರಿತು. ಅದರ ದೇವಾಲಯಗಳನ್ನು ಕೆಡವಿದ ಕಲ್ಲುಗಳಿಂದಲೇ ಇಂದಿನ ಹಳೆಯ ಪೇಟೆ ಎದ್ದಿತು. ಮ್ಯೂಸಿಯಮ್ಮಿನ ಮೆಶಿಕಾ ವಿಭಾಗದ ನಡುಮನೆಯಲ್ಲಿರುವ, ಮೆಶಿಕಾ ಜನ ಕೆತ್ತಿದ ದೊಡ್ಡ ದುಂಡುಗಲ್ಲಾದ ಸೂರ್ಯಶಿಲೆ 1790ರ ಡಿಸೆಂಬರಿನಲ್ಲಿ ಸಿಕ್ಕಿದ್ದು ಪೇಟೆಯ ನಡುವಿನ ಸೊಕಲೊ ಚೌಕದ ನೆಲದಡಿಯಲ್ಲಿ. ಅದನ್ನು ಮೊದಲು ಪಕ್ಕದ ಕೆಥೆಡ್ರಲ್‌ನ ಗೋಪುರದ ಗೋಡೆಗೆ ಆನಿಸಿಟ್ಟರು, 1885ರಲ್ಲಿ ಮೊನೆದಾ ಬೀದಿಯ ಅಂದಿನ ರಾಷ್ಟ್ರೀಯ ಮ್ಯೂಸಿಯಮ್ಮಿಗೆ ಸಾಗಿಸಿದರು, 1964ರಲ್ಲಿ ಚಪುಲ್ತೆಪೆಕ್ ಉದ್ಯಾನದ ಹೊಸ ಕಟ್ಟಡಕ್ಕೆ ತಂದರು. ಸೊಕಲೊದಿಂದ ಇಲ್ಲಿಗೆ ಬರಲು ಆ ಕಲ್ಲು 174 ವರ್ಷ ತೆಗೆದುಕೊಂಡಿರುವಾಗ, ಅದೇ ದಾರಿಯನ್ನು ಅರ್ಥ ಮಾಡಿಕೊಳ್ಳಲು ನಮಗೆ ಒಂದೇ ಒಂದು ಹಗಲು ಸಾಕೆಂದು ಪ್ಯಾಕೇಜಿನವರು ಹೇಗೆ ಲೆಕ್ಕ ಹಾಕಿದರೋ ತಿಳಿಯದು.

ಮೊದಲು ಪ್ಯಾಕೇಜಿನ ಸಂಗತಿ. ಬೆಳಿಗ್ಗೆ ಹೋಟೆಲಿನ ಬಾಗಿಲಿಗೆ ವ್ಯಾನ್ ಬರುತ್ತದೆ, ಸಂಜೆ ತಂದು ಬಿಡುತ್ತದೆ, ನಡುವೆ ಪೇಟೆ, ಊಟ, ಮ್ಯೂಸಿಯಂ. ನಮ್ಮ ತಾಯಿಯವರು ಜೊತೆಗಿದ್ದುದರಿಂದಲೂ, ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದ ಆ ಊರಿನಲ್ಲಿ ಅವರಿಗೆ ಬೇಗ ಆಯಾಸವಾಗಬಹುದೆಂಬ ಆತಂಕದಿಂದಲೂ ಇದನ್ನು ಆರಿಸಿಕೊಂಡಿದ್ದೆವು. ವ್ಯಾನ್ ಚೊಕ್ಕಟವಾಗಿತ್ತು, ಚಾಲಕರು ಸಜ್ಜನರು, ಗೈಡ್ ವಿಷಯ ಬಲ್ಲವರು. ಆದರೂ ಆ ದಿನ ಕೆಟ್ಟದ್ದು ಬುಕ್ ಮಾಡುವಾಗ ಯಾರೂ ಗಮನಿಸದ ಒಂದೇ ಒಂದು ಕಾರಣದಿಂದ, ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಇಂಗ್ಲಿಷ್ ಪ್ರವಾಸವೆಂದು ಮಾರಾಟವಾದದ್ದು ಅಲ್ಲಿಗೆ ಹೋದಾಗ ದ್ವಿಭಾಷಾ ಪ್ರವಾಸವಾಗಿ ಬದಲಾಗಿತ್ತು. ವ್ಯಾನಿನಲ್ಲಿ ಅರ್ಧ ಜನ ಸ್ಪ್ಯಾನಿಷ್ ಬಲ್ಲವರು, ಅರ್ಧ ಜನ ನಮ್ಮಂಥವರು. ಆದ್ದರಿಂದ ಗೈಡ್ ಪ್ರತಿಯೊಂದು ಮಾತನ್ನೂ ಮೊದಲು ಸ್ಪ್ಯಾನಿಷಿನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ವ್ಯಾನಿನೊಳಗೆ ಕುಳಿತಿರುವಾಗ ಇದು ಅಷ್ಟೇನೂ ಬಾಧಿಸುವುದಿಲ್ಲ. ಕೆಥೆಡ್ರಲ್‌ನ ಮುಂದೆ ಬಿಸಿಲಿನಲ್ಲಿ ನಿಂತು, ಹತ್ತು ನಿಮಿಷದ ಸ್ಪ್ಯಾನಿಷ್ ವಿವರಣೆ ಮುಗಿಯುವವರೆಗೆ ಕಾದು, ಬಳಿಕ ಅದೇ ಸಂಗತಿಯ ನಾಲ್ಕು ನಿಮಿಷದ ಇಂಗ್ಲಿಷ್ ಸಾರಾಂಶವನ್ನು ಕೇಳುವಾಗ ಇದರ ಬಿಸಿ ತಟ್ಟುತ್ತದೆ. ಸ್ಪ್ಯಾನಿಷಿನವರು ನಕ್ಕ ಜಾಗದಲ್ಲಿ ನಾವು ನಗುವಂಥದ್ದೇನೂ ನಮ್ಮ ಪಾಲಿಗೆ ಬರುತ್ತಿರಲಿಲ್ಲ. ಇಂಗ್ಲಿಷ್ ಶುರುವಾದ ಕೂಡಲೇ ಸ್ಪ್ಯಾನಿಷಿನವರು ಫೋಟೋ ತೆಗೆಯಲು ಚದುರಿಹೋಗುತ್ತಿದ್ದರು, ಅವರನ್ನು ಮತ್ತೆ ಒಟ್ಟುಗೂಡಿಸಲು ಇನ್ನಷ್ಟು ಹೊತ್ತು ಬೇಕಾಗುತ್ತಿತ್ತು. ಗೈಡ್ ಮೇಲೆ ಸಿಟ್ಟು ಬರುವುದಿಲ್ಲ, ಅವರೂ ಒಂದೇ ಬಾಯಲ್ಲಿ ಇಬ್ಬರ ಕೆಲಸ ಮಾಡುತ್ತಿದ್ದರು. ಆದರೆ ಪ್ರತಿ ನಿಲುಗಡೆಯೂ ಹೀಗೆ ಇಮ್ಮಡಿಯಾಗುತ್ತ ಹೋದಂತೆ ಆ ಹೊತ್ತೆಲ್ಲ ದಿನದ ಕೊನೆಯ ನಿಲುಗಡೆಯಿಂದಲೇ ಕಡಿತವಾಗುತ್ತದೆ, ಕೊನೆಯ ನಿಲುಗಡೆ ಎಂದರೆ ಮ್ಯೂಸಿಯಂ.

ಇದರ ಮೇಲೆ ದಾರಿಯ ಹೊತ್ತು ಬೇರೆ. ಸೊಕಲೊ ಇಡೀ ದೇಶದ ಪ್ರತಿಭಟನೆಗಳು ಬಂದು ಸೇರುವ ಚೌಕ. ಮೆರವಣಿಗೆ ಇದ್ದರೆ ಸುತ್ತಲಿನ ಬೀದಿಗಳನ್ನು ಮುಚ್ಚುತ್ತಾರೆ, ಭಾನುವಾರ ಬೆಳಿಗ್ಗೆಯಾದರೆ ರೆಫೊರ್ಮಾ ಎಂಬ ಮುಖ್ಯ ರಸ್ತೆಯ ಬಹುಭಾಗವನ್ನು ಸೈಕಲ್ ತುಳಿಯುವವರಿಗೆ ಬಿಟ್ಟುಕೊಡುತ್ತಾರೆ. ನಾವು ಹೋದ ದಿನ ಯಾವುದೋ ಸಂಘದವರ ಮೆರವಣಿಗೆಯಿತ್ತು. ಆರೇಳು ಕಿಲೋಮೀಟರ್ ದಾರಿಗೆ ವ್ಯಾನ್ ಒಂದು ಗಂಟೆಗೂ ಹೆಚ್ಚು ಹೊತ್ತು ತೆಗೆದುಕೊಂಡಿತು. ಊಟವನ್ನು ಬಿಟ್ಟು ಮ್ಯೂಸಿಯಮ್ಮಿಗೇ ಹೋಗೋಣವೆಂದು ಕೇಳಿದೆವು. ಊಟದ ಹೋಟೆಲಿನವರಿಗೆ ಮೊದಲೇ ತಿಳಿಸಿಯಾಗಿದೆ ಎಂಬ ಉತ್ತರ ಬಂತು.

ಕೊನೆಗೆ ಮ್ಯೂಸಿಯಮ್ಮಿನಲ್ಲಿ ನಮಗೆ ದಕ್ಕಿದ್ದು ಒಂದೂವರೆ ಗಂಟೆಗಿಂತ ಕಡಿಮೆ, ಅದೂ ಎರಡು ಭಾಷೆಗಳ ನಡುವೆ ಹಂಚಿಕೊಂಡು. ಇಪ್ಪತ್ತಕ್ಕೂ ಹೆಚ್ಚು ಪ್ರದರ್ಶನ ಕೋಣೆಗಳಿರುವ ಕಟ್ಟಡದಲ್ಲಿ ನಾವು ಹೊಕ್ಕದ್ದು ಎರಡೇ: ಅಂಗಳದ ಕೊನೆಯಲ್ಲಿರುವ ಮೆಶಿಕಾ, ಅಂಗಳದ ಎಡಬದಿಯಲ್ಲಿರುವ ಮಾಯಾ. ಅಂಗಳದ ನಡುವೆ ಒಂದೇ ಕಂಬದ ಮೇಲೆ ನಿಂತ, ಸುತ್ತ ನೀರು ಸುರಿಯುವ ಛತ್ರಿಯಾಕಾರದ ಚಾವಣಿಯನ್ನು ಕೂಡ, ವಾಸ್ತುಶಿಲ್ಪಿ ಪೆದ್ರೊ ರಾಮಿರೆಸ್ ವಾಸ್ಕೆಸ್ ಅವರ ಹೆಸರು ಕೇಳಿದ ಮರುಕ್ಷಣವೇ ದಾಟಿ ಹೋಗಬೇಕಾಯಿತು. ಸೂರ್ಯಶಿಲೆಯ ಮುಂದೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡೆವು. ಕೊವಾತ್ಲಿಕ್ವೆ ದೇವಿಯ ಮುಂದೆ ಗೈಡ್ ಹೇಳಿದ್ದು, ತಲೆಯ ಜಾಗದಲ್ಲಿ ಎದುರುಬದುರಾದ ಎರಡು ಹಾವುಗಳು, ಲಂಗವೂ ಹಾವುಗಳದ್ದೇ, ಎಂಬಷ್ಟನ್ನು ಮಾತ್ರ.

ಅದೇ ವಿಗ್ರಹದ ಕತೆಯನ್ನು ನಾನು ಪೂರ್ತಿಯಾಗಿ ಕೇಳಿದ್ದು ಎರಡನೆಯ ಸಲ, ಬೇರೊಬ್ಬ ಗೈಡ್‌ರಿಂದ. ಸೂರ್ಯಶಿಲೆಗಿಂತ ಕೆಲವೇ ತಿಂಗಳು ಮೊದಲು, 1790ರ ಆಗಸ್ಟಿನಲ್ಲಿ, ಅದೇ ಚೌಕದಲ್ಲಿ ಸಿಕ್ಕ ಆ ದೇವಿಯನ್ನು ವಿಶ್ವವಿದ್ಯಾಲಯದ ಅಂಗಳದಲ್ಲಿಟ್ಟರಂತೆ. ಸ್ಥಳೀಯ ಜನ ಬಂದು ಮೇಣದಬತ್ತಿ ಹಚ್ಚಿ, ಹೂವಿಟ್ಟು ಪೂಜಿಸತೊಡಗಿದ್ದನ್ನು ಕಂಡು ಗಾಬರಿಯಾದ ಆಡಳಿತದವರು ಅದನ್ನು ಅಲ್ಲೇ ಮತ್ತೆ ಹೂತುಬಿಟ್ಟರಂತೆ. 1803ರಲ್ಲಿ ಬಂದ ಜರ್ಮನ್ ವಿಜ್ಞಾನಿ ಹಂಬೋಲ್ಟ್ ನೋಡಬೇಕೆಂದು ಕೇಳಿದಾಗ ಒಮ್ಮೆ ಅಗೆದು ತೋರಿಸಿ, ಅವರು ಹೋದ ಮೇಲೆ ಮತ್ತೆ ಮಣ್ಣು ಮುಚ್ಚಿದರಂತೆ. ಸೂರ್ಯಶಿಲೆಯನ್ನು ಕೆಥೆಡ್ರಲ್‌ನ ಗೋಡೆಯ ಮೇಲೆ ಎಲ್ಲರೆದುರು ಇಟ್ಟವರು ದೇವಿಯನ್ನು ಮಾತ್ರ ಏಕೆ ಹೂತರು ಎಂಬ ಪ್ರಶ್ನೆ, ಮ್ಯೂಸಿಯಮ್ಮಿನ ಆ ಒಂದೇ ಕೋಣೆಯಲ್ಲಿ ಅರ್ಧ ಗಂಟೆ ನಿಲ್ಲುವಷ್ಟು ದೊಡ್ಡದು. ಒಂದೇ ದಿನದ ಪ್ಯಾಕೇಜಿನಲ್ಲಿ ಅದಕ್ಕೆ ಎಡೆಯೇ ಇಲ್ಲ.

ಎರಡಂತಸ್ತಿನ ತೆರೆದ ಬಸ್ಸಿನ ವಿಚಾರವನ್ನು ಬೇಗ ಮುಗಿಸುತ್ತೇನೆ. ಎಲ್ಲಿ ಬೇಕೋ ಅಲ್ಲಿ ಇಳಿದು, ಮುಂದಿನ ಬಸ್ ಹಿಡಿಯುವ ಏರ್ಪಾಡು. ಕಿವಿಗೆ ಹಾಕಿಕೊಳ್ಳುವ ಧ್ವನಿಮುದ್ರಣದಲ್ಲಿ ಭಾಷೆಯನ್ನು ಆರಿಸಿಕೊಳ್ಳಬಹುದಾದ್ದರಿಂದ ಎರಡು ಭಾಷೆಯ ತಾಪತ್ರಯವಿಲ್ಲ. ಪ್ರಶ್ನೆ ಕೇಳುವಂತಿಲ್ಲ, ಟ್ರಾಫಿಕ್ ಅದನ್ನೂ ಬಿಡುವುದಿಲ್ಲ. ಊರಿನ ಉದ್ದಗಲ ತಿಳಿಯಲು ಒಳ್ಳೆಯದು, ಪೇಟೆಯ ಕಲ್ಲುಗಳನ್ನು ಓದಲು ಅಲ್ಲ.

ಇನ್ನು ನನ್ನ ಮೆಚ್ಚಿನ ಕ್ರಮ. ಪೇಟೆಗೆ ನಾವು ಸೇರಿದ್ದು ಟಿಪ್ಸ್ ಆಧಾರದ ನಡಿಗೆ ಪ್ರವಾಸಕ್ಕೆ. ಶುಲ್ಕ ನಿಗದಿಯಿಲ್ಲ, ಕೊನೆಯಲ್ಲಿ ನಮಗೆ ತೋಚಿದಷ್ಟು ಕೊಡುವುದು. ಉಚಿತವೆಂದು ಜಾಹೀರಾತಿನಲ್ಲಿ ಹೇಳಿದರೂ ಗೈಡ್‌ಗಳು ಬದುಕುವುದು ಈ ಟಿಪ್ಸ್‌ನಿಂದಲೇ, ಆದ್ದರಿಂದ ಕೈಬಿಚ್ಚಿ ಕೊಡಬೇಕು. ಇಂಗ್ಲಿಷ್ ಗುಂಪಿಗೂ ಸ್ಪ್ಯಾನಿಷ್ ಗುಂಪಿಗೂ ಬೇರೆ ಬೇರೆ ಗೈಡ್‌ಗಳಿದ್ದರು, ಅಷ್ಟರಿಂದಲೇ ಅರ್ಧ ಗೆದ್ದಂತಾಯಿತು. ಕೆಥೆಡ್ರಲ್‌ನೊಳಗೆ ಗುಮ್ಮಟದಿಂದ ಇಳಿಬಿಟ್ಟ ತೂಗುಗುಂಡು ಕಟ್ಟಡ ಎಷ್ಟು ವಾಲಿದೆ ಎಂಬುದನ್ನು ನೆಲದ ಮೇಲೆ ಗುರುತಿಸುತ್ತದೆ. ಬತ್ತಿಸಿದ ಸರೋವರದ ಮೆತ್ತನೆಯ ತಳದ ಮೇಲೆ ನಿಂತ ಊರು ಅಂತರ್ಜಲವನ್ನು ಎತ್ತಿದಷ್ಟೂ ಕುಸಿಯುತ್ತಿರುವುದನ್ನು ಅಲ್ಲಿ ಕಣ್ಣಾರೆ ಕಾಣಬಹುದು. ದಕ್ಷಿಣಕ್ಕೆ ಸ್ವಲ್ಪ ನಡೆದರೆ, ಈಗ ನಗರ ಮ್ಯೂಸಿಯಂ ಆಗಿರುವ ಹಳೆಯ ಅರಮನೆಯೊಂದರ ಮೂಲೆಗಲ್ಲೇ ಆಜ್ಟೆಕರ ಹಾವಿನ ತಲೆ. ವ್ಯಾನ್ ಆ ಬೀದಿಯಲ್ಲಿ ನಿಲ್ಲುವುದೂ ಇಲ್ಲ, ಕಿಟಕಿಯಿಂದ ಅದು ಕಾಣುವುದೂ ಇಲ್ಲ.

ರಾಷ್ಟ್ರೀಯ ಅರಮನೆಯೊಳಗಿರುವ ದಿಯೆಗೊ ರಿವೇರಾ ಅವರ ಭಿತ್ತಿಚಿತ್ರಗಳನ್ನು ಯಾವ ಪ್ರವಾಸವೂ ಖಾತ್ರಿಯಾಗಿ ತೋರಿಸಲಾರದು, ಅದು ಅಧ್ಯಕ್ಷರ ನಿವಾಸವೂ ಆಗಿರುವುದರಿಂದ ಪ್ರವೇಶ ಅವರ ಮರ್ಜಿಗೆ ಬಿಟ್ಟದ್ದು.

ನಡಿಗೆ ಮುಗಿದ ಮೇಲೆ ನಾವೇ ಟಿಕೆಟ್ ಕೊಂಡು, ತೆನೊಚ್ತಿತ್ಲಾನಿನ ಮುಖ್ಯ ದೇವಾಲಯದ ಅವಶೇಷವಾದ ತೆಂಪ್ಲೊ ಮಯೋರ್ ಒಳಗೆ ಹೋದೆವು. ಪ್ಯಾಕೇಜಿನವರು ಇದನ್ನು ಬೇಲಿಯಾಚೆಯಿಂದ ತೋರಿಸಿ ಮುಂದೆ ಕರೆದೊಯ್ದಿದ್ದರು. 1978ರ ಫೆಬ್ರವರಿಯಲ್ಲಿ ವಿದ್ಯುತ್ ಕಂಪನಿಯ ಕಾರ್ಮಿಕರು ಕೇಬಲ್‌ಗಾಗಿ ಅಗೆಯುವಾಗ ಸಿಕ್ಕ, ಮೂರು ಮೀಟರಿಗೂ ಅಗಲವಾದ, ಕೊಯೊಲ್ಶಾವ್ಕಿ ಎಂಬ ದೇವತೆಯನ್ನು ಕೆತ್ತಿದ ಶಿಲೆ ಇರುವುದು ಇಲ್ಲೇ, ಚಪುಲ್ತೆಪೆಕ್‌ನಲ್ಲಿ ಅಲ್ಲ. ಪುರಾತತ್ವಜ್ಞ ಎದುವಾರ್ದೊ ಮಾತೋಸ್ ಮೊಕ್ತೆಸುಮಾ ಅವರ ನೇತೃತ್ವದಲ್ಲಿ ಅಲ್ಲಿಂದ ಮುಂದೆ ನಡೆದ ಉತ್ಖನನದಲ್ಲಿ ಹೊರಬಂದ ಮೆಟ್ಟಿಲುಗಳು, ಒಂದರ ಮೇಲೊಂದು ಹೊದಿಸಿ ಕಟ್ಟುತ್ತ ಹೋದ ದೇವಾಲಯದ ಪದರಗಳು, ಮರುದಿನ ಮ್ಯೂಸಿಯಮ್ಮಿನಲ್ಲಿ ನೋಡುವ ಬಿಡಿ ವಿಗ್ರಹಗಳಿಗೆ ಒಂದು ನೆಲೆಯನ್ನು ಒದಗಿಸುತ್ತವೆ. ಈ ಕಾರಣಕ್ಕಾಗಿಯೇ ಪೇಟೆ ಮೊದಲು, ಮ್ಯೂಸಿಯಂ ಆಮೇಲೆ ಎಂಬ ಅನುಕ್ರಮವನ್ನು ಬದಲಿಸಬಾರದು.

ಮ್ಯೂಸಿಯಮ್ಮಿಗೆ ನಾವು ಮೆಟ್ರೊಬಸ್ಸಿನ ಏಳನೆಯ ಮಾರ್ಗದಲ್ಲಿ ಹೋದೆವು. ಆರು ಪೆಸೊ ಟಿಕೆಟ್, ತನ್ನದೇ ಪಥ, ಬಾಗಿಲಿನ ಹತ್ತಿರದಲ್ಲೇ ನಿಲ್ದಾಣ. ಕಾರ್ಡಿನಿಂದಲೇ ಹಣ ಕೊಡಬೇಕು, ನಗದು ನಡೆಯುವುದಿಲ್ಲ. ಕಟ್ಟಡದ ಎದುರಿಗೇ ಸುಮಾರು 168 ಟನ್ ತೂಕದ, ತ್ಲಾಲೊಕ್ ಎಂಬ ಮಳೆದೇವರದೆಂದು ಹೇಳಲಾಗುವ ಏಕಶಿಲಾ ವಿಗ್ರಹವಿದೆ. ಅಧಿಕೃತ ಗುರುತಿನ ಚೀಟಿಯುಳ್ಳ ಗೈಡ್ ಒಬ್ಬರನ್ನು ಎರಡು ಗಂಟೆಯ ಮಟ್ಟಿಗೆ ನಮಗಾಗಿಯೇ ಗೊತ್ತುಮಾಡಿಕೊಂಡು, ತೆಯೊತಿವಾಕಾನ್ ಎಂಬ ಪುರಾತನ ನಗರದ್ದು, ಮೆಶಿಕಾ, ಮಾಯಾ ಈ ಮೂರು ವಿಭಾಗಗಳನ್ನಷ್ಟೇ ತೋರಿಸಿ ಎಂದು ಕೇಳಿಕೊಂಡೆವು. ಪಲೆಂಕೆ ಎಂಬ ಮಾಯಾ ನಗರದ ರಾಜ ಪಕಾಲನ ಸಮಾಧಿಯ ಪ್ರತಿರೂಪ ಮಾಯಾ ವಿಭಾಗದ ನೆಲಮಾಳಿಗೆಯಲ್ಲಿದೆ. ಪ್ಯಾಕೇಜಿನ ದಿನ ಅದರ ಮೆಟ್ಟಿಲನ್ನು ಇಳಿಯಲೂ ಪುರುಸೊತ್ತಿರಲಿಲ್ಲ.

ಗೈಡ್ ಹೋದ ಮೇಲೆ ಮೇಲಂತಸ್ತು ಹತ್ತಿದೆವು, ನನ್ನ ಮಟ್ಟಿಗೆ ಎರಡು ದಿನದ ಕ್ರಮ ಗೆದ್ದದ್ದು ಅಲ್ಲಿ. ಕೆಳಗೆ ಒಂದು ಪ್ರದೇಶದ ಪುರಾತನ ಅವಶೇಷಗಳಿದ್ದರೆ, ಅದರ ಮೇಲಿನ ಕೋಣೆಗಳಲ್ಲಿ ಅದೇ ಪ್ರದೇಶದ ಇಂದಿನ ಮೂಲನಿವಾಸಿಗಳ ಮನೆ, ಉಡುಗೆ, ಒಲೆ, ಹಬ್ಬಗಳನ್ನು ತೋರಿಸುವಂತೆ ಕಟ್ಟಡವನ್ನು ಯೋಜಿಸಿದ್ದಾರೆ. ಮಾನವಶಾಸ್ತ್ರವೆಂಬ ಹೆಸರು ಈ ಮ್ಯೂಸಿಯಮ್ಮಿಗೆ ಸಲ್ಲುವುದೇ ಮೇಲಂತಸ್ತಿನಿಂದ, ಆದರೂ ಪ್ಯಾಕೇಜಿನವರು ಅತ್ತ ತಿರುಗಿಯೂ ನೋಡುವುದಿಲ್ಲ. ನಮ್ಮ ತಾಯಿಯವರು ಹಾವೇರಿ ಕಡೆಯವರು. ಗೋವಿನಜೋಳವೂ ಮೆಣಸಿನಕಾಯಿಯೂ ಅವರಿಗೆ ಊರಿನ ಬೆಳೆಗಳೇ. ಗೋವಿನಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಹಾಕಿ, ಮೂರು ಕಾಲಿನ ಇಳಿಜಾರು ಕಲ್ಲಿನ ಮೇಲೆ ಮಂಡಿಯೂರಿ ಅರೆಯುವ ಕ್ರಮವನ್ನು ಅವರು ಬಹಳ ಹೊತ್ತು ನೋಡಿ, ಸುಣ್ಣ ಹಾಕಿದರೆ ಸಿಪ್ಪೆ ಬಿಡುತ್ತದೇನೋ ಎಂದರು. ಸಿಪ್ಪೆ ಬಿಡುವುದೂ ನಿಜ, ಕಾಳಿನಲ್ಲಿರುವ ನಯಾಸಿನ್ ಎಂಬ ಪೋಷಕಾಂಶ ದೇಹಕ್ಕೆ ದಕ್ಕುವುದೂ ಆ ಸುಣ್ಣದಿಂದಲೇ. ಬ್ಯಾಡಗಿಯ ಮೆಣಸಿನಕಾಯಿಯ ಪೂರ್ವಜರು ಹಡಗು ಹತ್ತಿದ ಖಂಡ ಇದೇ ಎಂದಾಗ ಮಾತ್ರ ಅವರು ನಂಬಲಿಲ್ಲ.

ಈ ಕ್ರಮದಲ್ಲಿ ಕೊರತೆಯಿಲ್ಲವೆಂದಲ್ಲ. ಇಬ್ಬರು ಗೈಡ್‌ಗಳು ಒಬ್ಬರನ್ನೊಬ್ಬರು ಬಲ್ಲವರಲ್ಲವಾದ್ದರಿಂದ ನಡುಗಡ್ಡೆಯಲ್ಲಿ ಕಳ್ಳಿಗಿಡದ ಮೇಲೆ ಹದ್ದು ಕುಳಿತ ಜಾಗದಲ್ಲೇ ತೆನೊಚ್ತಿತ್ಲಾನ್ ಕಟ್ಟಿದರೆಂಬ ಸ್ಥಾಪನಾಕಥೆಯನ್ನು ಎರಡು ಸಲ ಕೇಳಬೇಕಾಯಿತು. ನಡಿಗೆ ಪ್ರವಾಸದಲ್ಲಿ ಕೂರಲು ಜಾಗ ಸಿಗುವುದು ಅಪರೂಪ, ಮೊಣಕಾಲು ನೋವಿರುವವರಿಗೆ ಕಷ್ಟ. ಸಸ್ಯಾಹಾರಿಗಳು ಊಟಕ್ಕೆ ತಾವೇ ಹುಡುಕಾಡಬೇಕು. ಬೇಯಿಸಿದ ಬೀನ್ಸ್ ಕಾಳಿನಲ್ಲೂ ಹಂದಿಯ ಕೊಬ್ಬಿರಬಹುದಾದ್ದರಿಂದ ಕೇಳಿಯೇ ತಿನ್ನಬೇಕು. ಖರ್ಚಿನಲ್ಲಿ ಹೇಳುವಂಥ ಉಳಿತಾಯವೂ ಇಲ್ಲ, ಖಾಸಗಿ ಗೈಡ್‌ಗೆ ಕೊಟ್ಟದ್ದು ವ್ಯಾನಿನಲ್ಲಿ ಉಳಿಸಿದ್ದನ್ನು ತಿಂದುಹಾಕಿತು. ಒಂಟಿಯಾಗಿ ಹೋಗುವವರಿಗೆ ಗೈಡ್ ದುಬಾರಿಯೆನಿಸಬಹುದು, ಅಂಥವರು ವಿವರಣಾ ಫಲಕಗಳನ್ನು ಓದಿಕೊಂಡೇ ಕೆಳಂತಸ್ತನ್ನು ನೋಡಬಹುದು. ಸಾಮಾನು ಕಡಿಮೆ ಕೊಂಡು ಪ್ರವೇಶಕ್ಕೂ ಗೈಡ್‌ಗೂ ಖರ್ಚು ಮಾಡುವುದು ನಮ್ಮ ಮನೆಯ ರೂಢಿಯಾದ್ದರಿಂದ ನಮಗೆ ಈ ಲೆಕ್ಕ ಸರಿಹೋಯಿತು.

ಊರಿನಲ್ಲಿ ಒಂದೇ ಹಗಲು ಇರುವವರು, ವಿಮಾನ ಬದಲಿಸುವ ನಡುವೆ ಬಿಡುವು ಸಿಕ್ಕವರು, ಹೆಚ್ಚು ನಡೆಯಲಾರದ ಹಿರಿಯರನ್ನು ಕರೆದುಕೊಂಡು ಹೋಗುವವರು ಪ್ಯಾಕೇಜನ್ನೇ ತೆಗೆದುಕೊಳ್ಳಬಹುದು. ಆದರೆ ಹಣ ಕಟ್ಟುವ ಮುನ್ನ, ಗುಂಪಿನಲ್ಲಿ ಒಂದೇ ಭಾಷೆ ಇರುತ್ತದೆಯೇ, ಮ್ಯೂಸಿಯಮ್ಮಿನೊಳಗೆ ಎಷ್ಟು ಗಂಟೆ, ಮ್ಯೂಸಿಯಮ್ಮನ್ನೇ ಬೆಳಿಗ್ಗೆ ಮೊದಲು ತೋರಿಸಬಲ್ಲರೇ ಎಂಬ ಮೂರನ್ನೂ ಬರವಣಿಗೆಯಲ್ಲಿ ಕೇಳಿಕೊಳ್ಳಬೇಕು. ಅನುಕ್ರಮ ತಿರುವುಮುರುವಾದರೂ ಒಂದೇ ದಿನವಿದ್ದಾಗ ಅದೇ ಮೇಲು. ಸೋಮವಾರಕ್ಕಂತೂ ಬುಕ್ ಮಾಡಬಾರದು; ಅಂದು ಮ್ಯೂಸಿಯಂ ಬಾಗಿಲು ತೆರೆಯುವುದಿಲ್ಲ, ತೆಂಪ್ಲೊ ಮಯೋರ್‌ನದೂ ಇಲ್ಲ.