ರೇಡಿಯೇಷನ್ ಬಿಲ್ಲಿನಲ್ಲಿ 'ಐಜಿಆರ್‌ಟಿ × 33' ಅಂತಿದ್ದರೆ ಸಹಿ ಹಾಕುವ ಮುಂಚೆ ಓದಿ

ಬೆಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆ. ದೂರು ಇನ್ನೂ ನಡೀತಿದೆ, ಹೆಸರು ಬರೆಯಲ್ಲ. ನಮ್ಮ ಮಾವನವರಿಗೆ ಗಂಟಲು ಕ್ಯಾನ್ಸರ್, 33 ಫ್ರ್ಯಾಕ್ಷನ್ (ದಿನಕ್ಕೊಂದರಂತೆ 33 ಕಂತು) ರೇಡಿಯೇಷನ್. ಫೈನಲ್ ಬಿಲ್ಲಿನಲ್ಲಿ ಐಎಂಆರ್‌ಟಿ (ಗಡ್ಡೆಯ ಆಕಾರಕ್ಕೆ ತಕ್ಕಂತೆ ಕಿರಣ ಕೊಡುವ ವಿಧಾನ) ಚಾರ್ಜು ಬೇರೆ, ಅದರ ಕೆಳಗೆ 'ಐಜಿಆರ್‌ಟಿ, ಕ್ವಾಂಟಿಟಿ 33'. ಐಜಿಆರ್‌ಟಿ ಅಂದರೆ ಇಮೇಜ್ ಗೈಡೆಡ್, ಚಿತ್ರ ನೋಡಿ ಜಾಗ ಸರಿಮಾಡಿಕೊಂಡು ಕೊಡುವ ರೇಡಿಯೇಷನ್. ಆ ಚಿತ್ರ, ಅಂದರೆ ಸಿಬಿಸಿಟಿ (ರೇಡಿಯೇಷನ್ ಮಷಿನ್ ಮೇಲೆಯೇ ತೆಗೆಯುವ ಸಿಟಿ ಸ್ಕ್ಯಾನ್), ತೆಗೆದಿದ್ದು ಒಂಬತ್ತೇ ದಿನ! ಮೊದಲ ಮೂರು ದಿನ, ಆಮೇಲೆ ವಾರಕ್ಕೊಂದು. ಮಿಕ್ಕ 24 ದಿನ ಮಾಸ್ಕ್ ಹಾಕಿ, ಲೇಸರ್ ಗೆರೆಗೆ ಹೊಂದಿಸಿ, ಬೀಮ್ ಕೊಟ್ಟು ಕಳಿಸಿದ್ದಾರೆ. ದುಡ್ಡು ಮಾತ್ರ ಮೂವತ್ತಮೂರಕ್ಕೂ.

ವಾರಕ್ಕೊಂದು ಇಮೇಜ್ ತೆಗೆಯುವ ಪದ್ಧತಿ ಇದೆ, ಚಿಕಿತ್ಸೆ ತಪ್ಪು ಅಂತ ಹೇಳ್ತಿಲ್ಲ. ಬಿಲ್ ತಪ್ಪು. ರೋಗಿಯನ್ನು ಮಲಗಿಸಿದ ಮೇಲೆ ಚಿತ್ರ ತೆಗೆದು, ಪ್ಲ್ಯಾನಿಂಗ್ ಸಿಟಿ (ಚಿಕಿತ್ಸೆಗೆ ಮುಂಚೆ ತೆಗೆದ ಸ್ಕ್ಯಾನ್) ಜೊತೆ ಹೋಲಿಸಿ, ಟೇಬಲ್ ಎಷ್ಟು ಮಿಲಿಮೀಟರ್ ಸರಿಸಬೇಕು ನೋಡಿ ಸರಿಸಿದರೆ ಅವತ್ತಿನದು ಐಜಿಆರ್‌ಟಿ. ಸಿಬಿಸಿಟಿ ಬದಲು ಎರಡು ದಿಕ್ಕಿನ ಕೆವಿ ಎಕ್ಸ್‌ರೇ ತೆಗೆದರೂ ಸರಿಯೇ. ಚಿತ್ರವೇ ಇಲ್ಲದ ದಿನಕ್ಕೆ ಯಾವ ಗೈಡೆನ್ಸು?

ಬಿಲ್ಲಿಂಗ್ ಕೌಂಟರಿನವರ ಉತ್ತರ ಕೇಳಿ: "ಸಾರ್, ನಮ್ಮದು ಐಜಿಆರ್‌ಟಿ ಮಷಿನ್. ಅದರಲ್ಲಿ ಕೊಟ್ಟರೆ ಐಜಿಆರ್‌ಟಿ ಚಾರ್ಜೇ." ಮಷಿನ್‌ನಲ್ಲಿ ಸೌಲಭ್ಯ ಇದೆ ಅಂತ ಬಳಸದ ದಿನಕ್ಕೂ ದುಡ್ಡು! ಮ್ಯಾನೇಜರ್ ಹತ್ತಿರ ಹೋದರೆ, "ಅದು ಪ್ಯಾಕೇಜ್ ಸಾರ್, ಬಿಡಿಬಿಡಿಯಾಗಿ ನೋಡಬಾರದು." ಪ್ಯಾಕೇಜ್ ಆದರೆ ಕ್ವಾಂಟಿಟಿ 33 ಅಂತ ಯಾಕೆ ಹಾಕಿದಿರಿ ಅಂದರೆ ಮಾತಿಲ್ಲ. ಕೊನೆಗೆ, "ಇನ್ಶೂರೆನ್ಸ್‌ನವರು ಕೊಡ್ತಾರಲ್ಲ, ನಿಮಗೇನು ತೊಂದರೆ?" ಮೈ ಉರಿದುಹೋಯಿತು. ಸಮ್ ಇನ್ಶೂರ್ಡ್ ಖಾಲಿಯಾದರೆ ಮೂರು ತಿಂಗಳಾದ ಮೇಲೆ ಕ್ಯಾನ್ಸರ್ ಉಳಿದಿದೆಯಾ ನೋಡುವ ಪೆಟ್ ಸಿಟಿ ಸ್ಕ್ಯಾನಿಗೆ, ಮುಂದೆ ಅಡ್ಮಿಟ್ ಆದರೆ ಅದಕ್ಕೆ, ಕೈಯಿಂದ ಹಾಕುವವರು ನಾವು.

ಅಮೆರಿಕದ ಬಿಲ್ಲಿಂಗ್‌ನಲ್ಲಿ ಇಮೇಜ್ ಗೈಡೆನ್ಸ್‌ಗೆಂದೇ 77387 ಅನ್ನೋ ಕೋಡ್ ಇದೆ. ಚಿತ್ರವನ್ನು ಡಾಕ್ಟರ್ ನೋಡಿದ ದಾಖಲೆ ಇಲ್ಲದಿದ್ದರೆ ಆಡಿಟ್‌ನಲ್ಲಿ ಆ ಕ್ಲೇಮ್ ನಿಲ್ಲಲ್ಲ. ಇಲ್ಲಿನ ಖಾಸಗಿ ಬಿಲ್ಲಿನಲ್ಲಿ ಆಸ್ಪತ್ರೆ ತಾನೇ ಇಟ್ಟ ಐಟಂ ಹೆಸರು, ಅಷ್ಟೇ. ಟಿಪಿಎನವರೂ (ಇನ್ಶೂರೆನ್ಸ್ ಕಂಪನಿ ಪರವಾಗಿ ಕ್ಲೇಮ್ ನೋಡುವವರು) ಫ್ರ್ಯಾಕ್ಷನ್ ಲೆಕ್ಕ ನೋಡಿ ಪಾಸ್ ಮಾಡಿದ್ದಾರೆ, ಇಮೇಜ್ ಲೆಕ್ಕ ಕೇಳಿಯೇ ಇಲ್ಲ.

ಆದರೆ ದಾಖಲೆ ಇದ್ದೇ ಇರುತ್ತೆ. ತೆಗೆದ ಪ್ರತಿ ಚಿತ್ರದ ತಾರೀಕು, ಸಮಯ, ಟೇಬಲ್ ಸರಿಸಿದ ಅಳತೆ ಸಿಸ್ಟಂನಲ್ಲಿ ಉಳಿಯುತ್ತೆ. ಬಿಲ್ಲಿಂಗ್‌ನವರ ಹತ್ತಿರ ವಾದ ಮಾಡಬೇಡಿ. ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಲಿಖಿತ ಅರ್ಜಿ ಕೊಟ್ಟು ಫ್ರ್ಯಾಕ್ಷನ್‌ವಾರು ಟ್ರೀಟ್‌ಮೆಂಟ್ ರೆಕಾರ್ಡ್, ಇಮೇಜ್ ಲಿಸ್ಟ್, ಶಿಫ್ಟ್ ರಿಪೋರ್ಟ್ (ಟೇಬಲ್ ಸರಿಸಿದ ಅಳತೆ) ಮೂರೂ ಕೇಳಿ, ಸ್ವೀಕೃತಿ ತಗೊಳ್ಳಿ. 2002ರ ವೈದ್ಯಕೀಯ ನೀತಿ ನಿಯಮಗಳ ಪ್ರಕಾರ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. 'ಟ್ರೀಟ್‌ಮೆಂಟ್ ಸಮ್ಮರಿ' ಅಂತ ಒಂದು ಹಾಳೆ ಕೊಟ್ಟು ಸಾಗಹಾಕ್ತಾರೆ; ಅದರಲ್ಲಿ ಒಟ್ಟು ಡೋಸ್, ಫ್ರ್ಯಾಕ್ಷನ್ ಸಂಖ್ಯೆ ಬಿಟ್ಟರೆ ನಮಗೆ ಬೇಕಾದ್ದು ಇರಲ್ಲ.

ಇನ್ನೊಂದು. ಗಂಟಲಿನ ಕೇಸಿಗೆ 'ರೆಸ್ಪಿರೇಟರಿ ಗೇಟಿಂಗ್' ಅಂತ ಹಾಕಿದ್ದರೆ ಅಲ್ಲೇ ಹಿಡಿಯಿರಿ. ಅದು ಉಸಿರಾಟಕ್ಕೆ ತಕ್ಕಂತೆ ಬೀಮ್ ಆನ್-ಆಫ್ ಮಾಡುವುದು, ಉಸಿರಿನ ಜೊತೆ ಅಲುಗಾಡುವ ಶ್ವಾಸಕೋಶ, ಲಿವರ್, ಎಡ ಸ್ತನದಂಥ ಜಾಗಕ್ಕೆ ಬಳಸುವುದು. ನಮ್ಮ ಎಸ್ಟಿಮೇಟ್‌ನಲ್ಲಿ ಇತ್ತು, ಪ್ರಶ್ನೆ ಮಾಡಿದ ಮೇಲೆ 'ಟೈಪಿಂಗ್ ಮಿಸ್ಟೇಕ್' ಅಂತ ತೆಗೆದರು.

ಮೊದಲ ಫ್ರ್ಯಾಕ್ಷನ್‌ಗೆ ಮುಂಚೆಯೇ ಎಸ್ಟಿಮೇಟ್ ಮೇಲೆ ಬರೆಸಿಕೊಳ್ಳಿ: ಇಮೇಜಿಂಗ್ ದಿನಾ ಮಾಡ್ತಾರಾ, ವಾರಕ್ಕೊಮ್ಮೆಯಾ, ಒಂದಕ್ಕೆ ಎಷ್ಟು. ಆಸ್ಪತ್ರೆ ಬಗ್ಗದಿದ್ದರೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ದೂರು ಕೊಡಬಹುದು, ನಾವು ಕೊಟ್ಟಿರೋದೂ ಅಲ್ಲಿಗೇ. ಇನ್ಶೂರೆನ್ಸ್ ಕಂಪನಿಗೂ ಅದೇ ಇಮೇಜ್ ಲಿಸ್ಟ್ ಲಗತ್ತಿಸಿ ಬರೆಯಿರಿ.