ಕಪ್ಪತಗುಡ್ಡ–ತುಂಗಭದ್ರಾ ಸೈಕಲ್ ಸುತ್ತು: ನಕ್ಷೆಯ ಗೆರೆಯನ್ನೇ ದಾರಿ ಎಂದು ನಂಬಬೇಡಿ

ಗದಗಿನಿಂದ ಡಂಬಳ, ಡೋಣಿಯ ಮೇಲೆ ಕಪ್ಪತಗುಡ್ಡದ ಬದಿ ಹಿಡಿದು ತುಂಗಭದ್ರೆಯ ದಂಡೆಗಿಳಿದು, ಹಮ್ಮಿಗಿಯ ಬ್ಯಾರೇಜು ನೋಡಿಕೊಂಡು ಮುಂಡರಗಿಯ ಮೂಲಕ ಮರಳುವ ಸೈಕಲ್ ಸವಾರಿಯನ್ನು ಮಳೆಗಾಲದಲ್ಲಿ ಯೋಜಿಸುತ್ತಿರುವವರು ದಯವಿಟ್ಟು ಇದನ್ನು ಓದಿಯೇ ಹೊರಡಬೇಕು. ಕಳೆದ ವರ್ಷದ ಜುಲೈನಲ್ಲಿ ನಾನು ಮತ್ತು ನನ್ನ ಗೆಳೆಯ ಇದೇ ಸುತ್ತಿಗೆ ಹೋಗಿ ಪಟ್ಟ ಪಾಡು ಸಣ್ಣದಲ್ಲ. ಅದರಲ್ಲಿ ಹೆಚ್ಚಿನ ಪಾಲು ನಮ್ಮದೇ ತಪ್ಪು.

ಫೋನಿನ ಆ್ಯಪ್‌ನಲ್ಲಿ ನದಿಯ ಮಗ್ಗುಲಲ್ಲೇ ಒಂದು ಗೆರೆ ಚೆಂದವಾಗಿ ಹಾದುಹೋಗಿತ್ತು. ಅದು ದಾರಿಯಲ್ಲ, ಹೊಲಗಳ ನಡುವಿನ ಬಂಡಿ ಜಾಡು ಎಂಬುದು ಡಾಂಬರು ಮುಗಿದ ಮೇಲಷ್ಟೇ ಗೊತ್ತಾಯಿತು. ಹಿಂದಿನ ರಾತ್ರಿ ಬಿದ್ದದ್ದು ಜಿಟಿಜಿಟಿ ಮಳೆಯಷ್ಟೇ. ಆದರೆ ಎರೆ ಮಣ್ಣಿಗೆ ಅಷ್ಟೇ ಸಾಕು. ಇಪ್ಪತ್ತು ಮಾರು ಹೋಗುವುದರೊಳಗೆ ಮಣ್ಣು ಟೈರಿಗೆ ಮೆತ್ತಿ, ಬ್ರೇಕಿನ ಸಂದಿಯಲ್ಲಿ ತುಂಬಿ, ಚಕ್ರ ತಿರುಗುವುದೇ ನಿಂತುಹೋಯಿತು. ಕಡ್ಡಿಯಿಂದ ಕೆರೆದು ತೆಗೆದರೆ ಮತ್ತೆ ಹತ್ತು ಹೆಜ್ಜೆ, ಮತ್ತೆ ಅದೇ ಗತಿ. ಹೊಲದಲ್ಲಿದ್ದ ಹಿರಿಯರೊಬ್ಬರು ಬಂದು ತಮ್ಮ ಕುರ್ಪಿಯಿಂದಲೇ ಚಕ್ರದ ಮಣ್ಣು ಕೆತ್ತಿಕೊಟ್ಟು, "ಮಳಿ ಬಿದ್ದಾಗ ನಮ್ಮ ಚಕ್ಕಡಿನ ಈ ಹಾದಿಗೆ ಹಾಯಂಗಿಲ್ರಿ, ನಿಮ್ಮ ಸೈಕಲ್ ಹೆಂಗ ಹಾದೀತು?" ಎಂದರು. ಮುಂದೆ ಬ್ಯಾರೇಜಿನ ಹಿನ್ನೀರು ನಿಂತಿದೆ, ಜಾಡು ಅದರಲ್ಲೇ ಮುಳುಗಿದೆ ಎಂದೂ ಅವರೇ ಹೇಳಿದರು. ಬಿದರಳ್ಳಿ, ವಿಠಲಾಪುರ, ಗುಮ್ಮಗೋಳದ ಜನ ಮುಳುಗಡೆಯ ತೊಂದರೆ ಅನುಭವಿಸಿದ್ದು ಇದೇ ಹಿನ್ನೀರಿನಿಂದ ಎಂಬುದನ್ನು ಈ ಜಿಲ್ಲೆಯವನಾದ ನಾನು ಹೊರಡುವ ಮೊದಲೇ ನೆನೆಯಬೇಕಿತ್ತು.

ಸೈಕಲ್ಲುಗಳನ್ನು ಹೊತ್ತು ಡಾಂಬರಿಗೆ ಮರಳುವಾಗ ಬದುವಿನ ಬಳ್ಳಾರಿ ಜಾಲಿಯ ಮುಳ್ಳು ಎರಡೂ ಸೈಕಲ್ಲಿನ ಹಿಂದಿನ ಟ್ಯೂಬಿಗೆ ಹೊಕ್ಕಿತು. ನಮ್ಮ ಬಳಿ ಇದ್ದದ್ದು ಒಂದೇ ಹೆಚ್ಚುವರಿ ಟ್ಯೂಬು. ಇನ್ನೊಂದಕ್ಕೆ ಪ್ಯಾಚ್ ಹಾಕಿದೆವು. ಆದರೆ ಟೈರಿನೊಳಗೆ ಮುರಿದು ಉಳಿದಿದ್ದ ಮುಳ್ಳಿನ ತುದಿಯನ್ನು ಬೆರಳಾಡಿಸಿ ಹುಡುಕದೆ ಹೋದದ್ದರಿಂದ ಸ್ವಲ್ಪ ದೂರದಲ್ಲೇ ಅದು ಮತ್ತೆ ಇಳಿಯಿತು.

ಇಷ್ಟಾದರೂ ಹಗಲು ಉಳಿದಿತ್ತು. ನಮ್ಮನ್ನು ಕೊನೆಗೆ ಸೋಲಿಸಿದ್ದು ಗಾಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಗಾಳಿ ಪಡುವಣ ಮತ್ತು ನೈಋತ್ಯದಿಂದ ಬೀಸುತ್ತದೆ. ಮುಂಡರಗಿ ಇರುವುದು ಗದಗಿನ ಆಗ್ನೇಯಕ್ಕೆ. ಹೋಗುವಾಗ ಹಗುರಾಗಿ ಓಡಿದ ಸೈಕಲ್ಲನ್ನು ಕಂಡು ನಮ್ಮ ಕಾಲಿನ ಬಲವೆಂದೇ ಬೀಗಿದ್ದೆವು. ಗುಡ್ಡದ ಮೇಲಿನ ಗಾಳಿಯಂತ್ರಗಳು ಮುಂಜಾನೆಯಿಂದ ತಿರುಗುತ್ತಲೇ ಇದ್ದವು, ನಾವು ಅವುಗಳ ಫೋಟೊ ತೆಗೆದೆವೇ ಹೊರತು ಅವು ಯಾವ ಕಡೆಗೆ ಮುಖ ಮಾಡಿವೆಯೆಂದು ನೋಡಲಿಲ್ಲ. ಮುಂಡರಗಿಯಿಂದಾಚೆ ಇಳಿಜಾರಿನಲ್ಲೂ ಪೆಡಲ್ ತುಳಿಯಬೇಕಾಯಿತು. ಡಂಬಳ ಮುಟ್ಟುವಷ್ಟರಲ್ಲಿ ಕತ್ತಲಾಗಿ, ಸರಕು ಸಾಗಿಸುವ ಟೆಂಪೊ ಒಂದರಲ್ಲಿ ಸೈಕಲ್ ಹೇರಿಕೊಂಡು ಊರು ಸೇರಿದೆವು.

ಗುಡ್ಡದೊಳಗಿನ ಕಾಲುದಾರಿಗಳನ್ನೂ ಆ್ಯಪ್ ತೋರಿಸುತ್ತದೆ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಅನುಮತಿಯಿಲ್ಲದೆ ಆ ದಾರಿಗಳಿಗೆ ಇಳಿಯಬೇಡಿ.

ಹೋಗಲೇಬೇಕೆಂದಿದ್ದರೆ ನೆಲ ಒಣಗಿ, ಗಾಳಿ ಮೂಡಣದಿಂದ ಬೀಸತೊಡಗಿದ ಡಿಸೆಂಬರ್‌ನಲ್ಲಿ ಹೋಗಿ. ಒಬ್ಬೊಬ್ಬರ ಬಳಿಯೂ ಎರಡೆರಡು ಟ್ಯೂಬು ಇರಲಿ, ಹಮ್ಮಿಗಿಗೆ ಡಾಂಬರು ರಸ್ತೆಯಲ್ಲೇ ಹೋಗಿ ಅದರಲ್ಲೇ ಹಿಂದಿರುಗಿ. ನಕ್ಷೆಯಲ್ಲಿ ಸುತ್ತು ಕೂಡದಿದ್ದರೆ ಕೂಡದಿರಲಿ.