ಕ್ರ್ಯಾಶ್‌ಲಿಟಿಕ್ಸ್ ಪರಾಮರ್ಶೆ: ಬಿದ್ದ ಆ್ಯಪ್ ಎದ್ದು ಬಂದು ಹೇಳಿದ್ದಷ್ಟೇ ಲೆಕ್ಕ

ಆ್ಯಪ್ ಇದ್ದಕ್ಕಿದ್ದಂತೆ ಬಿದ್ದಾಗ (ಕ್ರ್ಯಾಶ್) ಅದರ ವರದಿಯನ್ನು ಆ್ಯಪ್ ಬರೆದವರಿಗೆ ತಲುಪಿಸುವ ಗೂಗಲ್‌ನ ಸಾಧನ ಫೈರ್‌ಬೇಸ್ ಕ್ರ್ಯಾಶ್‌ಲಿಟಿಕ್ಸ್. ಇದಕ್ಕೆ ದುಡ್ಡು ಕೊಡಬೇಕಿಲ್ಲ. ಆಂಡ್ರಾಯ್ಡ್, ಐಫೋನ್ ಎರಡಕ್ಕೂ ನಡೆಯುತ್ತದೆ. ಆ್ಯಪ್, ಗೇಮ್ ಕಟ್ಟುವ ಫ್ಲಟ್ಟರ್, ಯೂನಿಟಿಗೂ ಉಂಟು. 2011ರಲ್ಲಿ ಬಾಸ್ಟನ್ನಿನ ಸ್ಟಾರ್ಟಪ್ ಆಗಿ ಹುಟ್ಟಿ, 2013ರಲ್ಲಿ ಟ್ವಿಟರ್ ಕೈಸೇರಿ, 2017ರಲ್ಲಿ ಗೂಗಲ್ ಪಾಲಾಯಿತು. ಮೂರು ಮನೆ ಕಂಡರೂ ಮೂಲಗುಣ ಕೆಟ್ಟಿಲ್ಲ: ಕೋಡಿನ ಯಾವ ಸಾಲು, ಯಾವ ಫೋನು, ಎಷ್ಟು ಜನ ಎಂಬುದನ್ನು ಚುರುಕಾಗಿ ಎದುರಿಗಿಡುತ್ತದೆ. ಆದರೆ ಡ್ಯಾಶ್‌ಬೋರ್ಡಿನ ನೆತ್ತಿಯ ಮೇಲೆ ಹೊಳೆಯುವ ‘ಕ್ರ್ಯಾಶ್-ಫ್ರೀ’ (ಕ್ರ್ಯಾಶ್ ಕಾಣದ ಬಳಕೆಯ) ಶೇಕಡಾವಾರನ್ನೇ ಆ್ಯಪ್‌ನ ಆರೋಗ್ಯ ಎಂದುಕೊಂಡರೆ ಮೋಸಹೋಗುತ್ತೀರಿ.

ಇದು ಕೆಲಸ ಮಾಡುವ ಬಗೆಯಲ್ಲೇ ಕಾರಣವಿದೆ. ಆ್ಯಪ್ ಕ್ರ್ಯಾಶ್ ಆದಾಗ ವರದಿ ಫೋನಿನೊಳಗೆ ಉಳಿಯುತ್ತದೆ. ಬಳಕೆದಾರ ಮತ್ತೊಮ್ಮೆ ಆ್ಯಪ್ ತೆರೆದಾಗ, ನೆಟ್‌ವರ್ಕ್ ಇದ್ದರೆ, ಸಾಮಾನ್ಯವಾಗಿ ಆಗ ಅದು ಸರ್ವರ್ ತಲುಪುವುದು. ಅಂದರೆ ಸತ್ತವನೇ ಎದ್ದು ಬಂದು ದೂರು ಬರೆಸಬೇಕು. ಬೇಸತ್ತು ಆ್ಯಪ್ ಕಿತ್ತೆಸೆದವರ ದೂರು ಠಾಣೆಗೇ ಬರುವುದಿಲ್ಲ.

ಮೊದಲು ಹಾಕಿಕೊಳ್ಳುವ ಮಾತು. ಆಂಡ್ರಾಯ್ಡ್‌ನಲ್ಲಿ ಎಸ್‌ಡಿಕೆ (ಆ್ಯಪ್‌ನೊಳಗೆ ಇಡುವ ಸಿದ್ಧ ಕೋಡ್) ಸೇರಿಸಿದರಷ್ಟೇ ಸಾಲದು, ಆ್ಯಪನ್ನು ಬಿಲ್ಡ್ ಮಾಡುವ ಗ್ರೇಡಲ್‌ಗೆ ಪ್ಲಗಿನ್ ಕೂಡ ಬೇಕು. ಕೋಡನ್ನು ಚಿಕ್ಕದಾಗಿಸುವ ಆರ್8 ಹೆಸರುಗಳನ್ನು ಕುಗ್ಗಿಸಿದ ಮೇಲೆ, ಮೂಲ ಹೆಸರು ತಿಳಿಸುವ ಮ್ಯಾಪಿಂಗ್ ಕಡತವನ್ನು ಅಪ್‌ಲೋಡ್ ಮಾಡುವುದು ಈ ಪ್ಲಗಿನ್ನೇ. ಆರ್8 ಪಾಲಿಸುವ ಪ್ರೋಗಾರ್ಡ್ ನಿಯಮಗಳಲ್ಲಿ ‘ಸೋರ್ಸ್‌ಫೈಲ್’, ‘ಲೈನ್‌ನಂಬರ್‌ಟೇಬಲ್’ ಎರಡನ್ನೂ ಉಳಿಸಿಕೊಳ್ಳಿ. ಇಲ್ಲದಿದ್ದರೆ ಫಂಕ್ಷನ್ ಹೆಸರು ಸಿಕ್ಕರೂ ಸಾಲಿನ ಸಂಖ್ಯೆ ಕೈತಪ್ಪಬಹುದು. ಸಿ++ ಲೈಬ್ರರಿ ಬಳಸುವವರು ನೇಟಿವ್ ಸಿಂಬಲ್ (ಮೆಮೊರಿ ವಿಳಾಸವನ್ನು ಫಂಕ್ಷನ್ ಹೆಸರಾಗಿಸುವ ಮಾಹಿತಿ) ಅಪ್‌ಲೋಡನ್ನು ಬೇರೆಯಾಗಿ ಆನ್ ಮಾಡಿ, ಪ್ರತಿ ರಿಲೀಸ್ ಬಿಲ್ಡ್‌ಗೂ ಅದರ ಟಾಸ್ಕನ್ನು ಓಡಿಸಬೇಕು. ಇದನ್ನು ಬಿಲ್ಡ್ ತಾನಾಗಿ ನಡೆಸುವ ಸಿಐ ಸ್ಕ್ರಿಪ್ಟಿಗೆ ಸೇರಿಸುವುದನ್ನು ಮರೆಯುವವರೇ ಹೆಚ್ಚು. ಆಮೇಲೆ ಕನ್ಸೋಲ್‌ನಲ್ಲಿ ಬರಿ ಮೆಮೊರಿ ವಿಳಾಸಗಳ ಸಾಲು ನೋಡುತ್ತಾ ಕೂರಬೇಕಾಗುತ್ತದೆ.

ಐಫೋನ್ ಕಡೆ ತಲೆನೋವು ಇನ್ನೂ ಸ್ವಲ್ಪ ಜಾಸ್ತಿ. ಡೀಬಗ್ ಮಾಹಿತಿಯ ಸೆಟ್ಟಿಂಗ್ ‘ಡ್ವಾರ್ಫ್ ವಿತ್ ಡಿಸಿಮ್’ ಆಗಿರಬೇಕು. ಡಿಸಿಮ್ ಎಂದರೆ ಮೆಮೊರಿ ವಿಳಾಸವನ್ನು ಕೋಡಿನ ಸಾಲಿಗೆ ಹೊಂದಿಸುವ ಕಡತ. ಅದನ್ನು ಕಳಿಸುವ ರನ್ ಸ್ಕ್ರಿಪ್ಟ್ ಬಿಲ್ಡ್ ಹಂತಗಳಲ್ಲಿ ಕಟ್ಟಕಡೆಯದಾಗಿರಬೇಕು. ಆಪಲ್‌ನ ಆ್ಯಪ್ ಕಟ್ಟುವ ಸಾಧನವಾದ ಎಕ್ಸ್‌ಕೋಡ್ 15ರಿಂದ ಹೊಸ ಪ್ರಾಜೆಕ್ಟ್‌ಗಳಲ್ಲಿ ಸ್ಕ್ರಿಪ್ಟ್ ಸ್ಯಾಂಡ್‌ಬಾಕ್ಸಿಂಗ್ (ಹೆಸರಿಸದ ಕಡತ ಮುಟ್ಟಗೊಡದ ಬೇಲಿ) ತಾನಾಗಿಯೇ ಆನ್ ಇರುತ್ತದೆ. ಸ್ಕ್ರಿಪ್ಟಿಗೆ ಬೇಕಾದ ಇನ್‌ಪುಟ್ ಕಡತಗಳನ್ನು ಸರಿಯಾಗಿ ಹೆಸರಿಸದಿದ್ದರೆ ಅಪ್‌ಲೋಡ್ ಆಗುವುದಿಲ್ಲ.

ಪರೀಕ್ಷೆಗೆ ಒಂದು ಬಟನ್ ಇಟ್ಟು ಬೇಕೆಂದೇ ಕ್ರ್ಯಾಶ್ ಮಾಡಿಸಿ, ಆ್ಯಪ್ ಮತ್ತೆ ತೆರೆದು, ಐದು ನಿಮಿಷ ಕಾಯಿರಿ. ಐಫೋನ್‌ನಲ್ಲಿ ಡೀಬಗರ್ (ದೋಷ ಹುಡುಕುವ ಸಾಧನ) ಅಂಟಿಕೊಂಡಿದ್ದರೆ ಕ್ರ್ಯಾಶ್ ಅದರ ಪಾಲಾಗುತ್ತದೆ, ಕ್ರ್ಯಾಶ್‌ಲಿಟಿಕ್ಸ್‌ಗೆ ಸಿಗುವುದಿಲ್ಲ. ಆದ್ದರಿಂದ ಎಕ್ಸ್‌ಕೋಡ್‌ನಲ್ಲಿ ಸ್ಟಾಪ್ ಒತ್ತಿ, ಹೋಮ್ ಸ್ಕ್ರೀನಿನಿಂದಲೇ ತೆರೆದು ನೋಡಿ.

ದಿನನಿತ್ಯದ ಬಳಕೆಯಲ್ಲಿ ಹೆಚ್ಚು ಉಪಕಾರಿ ಕಸ್ಟಮ್ ಕೀಗಳು, ಅಂದರೆ ಕ್ರ್ಯಾಶ್ ವರದಿಗೆ ನೀವೇ ಅಂಟಿಸುವ ಚೀಟಿಗಳು. ಒಟ್ಟು 64 ಇಡಬಹುದು, ಒಂದೊಂದಕ್ಕೆ 1 ಕೆಬಿ. ಯಾವ ಪರದೆ, ಯಾವ ಫೀಚರ್ ಫ್ಲಾಗ್ (ಸೌಲಭ್ಯದ ಸ್ವಿಚ್) ಆನ್ ಇತ್ತು, ನೆಟ್‌ವರ್ಕ್ ಯಾವ ಬಗೆಯದು ಎಂಬಷ್ಟನ್ನು ತುಂಬಿದರೂ ಅರ್ಧ ಕೇಸು ಬಿಡಿಸಿದಂತೆ. ಯೂಸರ್ ಐಡಿಯ ಜಾಗದಲ್ಲಿ ಮೊಬೈಲ್ ನಂಬರ್ ಮಾತ್ರ ಹಾಕಬೇಡಿ. ಆ್ಯಪ್ ಬರೆದಿಡುವ ಲಾಗ್‌ಗೆ ಮಿತಿ 64 ಕೆಬಿ, ಮೀರಿದರೆ ಹಳೆಯದು ಅಳಿಯುತ್ತದೆ. ಆ್ಯಪ್ ಬೀಳದೆ ಸಂಭಾಳಿಸಿಕೊಂಡ ದೋಷಗಳಲ್ಲಿ ಒಂದು ಸೆಷನ್‌ನ (ಒಂದು ಸಲದ ಬಳಕೆಯ) ಕೊನೆಯ 8 ಮಾತ್ರ ಉಳಿಯುತ್ತವೆ. ಹಾಗಾಗಿ ಪ್ರತಿ ಟೈಮ್‌ಔಟನ್ನೂ ಇಲ್ಲಿಗೆ ಸುರಿದರೆ ಬೇಕಾದದ್ದೇ ಕೊಚ್ಚಿಹೋಗುತ್ತದೆ.

ಈಗ ಕಾಣದೇ ಉಳಿಯುವ ಸಾವುಗಳು. ಮೆಮೊರಿ ಸಾಲದೆ ಐಒಎಸ್ ಆ್ಯಪನ್ನು ಕೊಂದರೆ ಕ್ರ್ಯಾಶ್‌ಲಿಟಿಕ್ಸ್‌ಗೆ ಸುಳಿವೇ ಇಲ್ಲ, ಏಕೆಂದರೆ ಕೊಲ್ಲಲು ಸಿಸ್ಟಂ ಕಳಿಸುವ ಸಿಗ್ನಲನ್ನು ಯಾವ ಆ್ಯಪೂ ಹಿಡಿಯಲಾರದು. ಬಳಕೆದಾರನ ಕಣ್ಣಿಗೆ ಅದೂ ಕ್ರ್ಯಾಶೇ. ಅದರ ಲೆಕ್ಕಕ್ಕೆ ಆಪಲ್‌ನದೇ ಅಳತೆ ಸಾಧನ ಮೆಟ್ರಿಕ್‌ಕಿಟ್ ಜೊತೆಗಿಟ್ಟುಕೊಳ್ಳಿ. ಆಂಡ್ರಾಯ್ಡ್‌ನಲ್ಲಿ ಮುಟ್ಟಿದ್ದಕ್ಕೆ 5 ಸೆಕೆಂಡ್ ಉತ್ತರ ಬಾರದಿದ್ದರೆ ಎಎನ್‌ಆರ್ (‘ಆ್ಯಪ್ ಸ್ಪಂದಿಸುತ್ತಿಲ್ಲ’). ಇದನ್ನು ಕ್ರ್ಯಾಶ್‌ಲಿಟಿಕ್ಸ್ ಆಂಡ್ರಾಯ್ಡ್ 11 ಮತ್ತು ಅದಕ್ಕೂ ಹೊಸ ಫೋನುಗಳಲ್ಲಿ ಮಾತ್ರ ಹಿಡಿಯುತ್ತದೆ. ಹೆಪ್ಪುಗಟ್ಟುವುದು ಹೆಚ್ಚಾಗಿ ಹಳೆಯ, ಕಡಿಮೆ ರ್‍ಯಾಮಿನ ಫೋನು ಎಂಬುದು ಇದರ ವ್ಯಂಗ್ಯ. ಅಲ್ಲಿಗೆ, ಪ್ಲೇ ಸ್ಟೋರಿನಲ್ಲಿ ಆ್ಯಪ್ ಬರೆದವರಿಗಿರುವ ಪ್ಲೇ ಕನ್ಸೋಲಿನ ಆಂಡ್ರಾಯ್ಡ್ ವೈಟಲ್ಸೇ ಗತಿ. ಅದಕ್ಕೆ ಮಾಹಿತಿ ಬರುವುದು ಆ್ಯಪ್‌ನಿಂದಲ್ಲ, ಆಪರೇಟಿಂಗ್ ಸಿಸ್ಟಂನಿಂದ. ಪ್ಲೇ ಸ್ಟೋರ್ ನಿಮ್ಮನ್ನು ಅಳೆಯುವುದೂ ಅದೇ ಕೋಲಿನಲ್ಲಿ: ಮಿತಿ, ದಿನದ ಬಳಕೆದಾರರಲ್ಲಿ, ಅವರಿಗೆ ಗೊತ್ತಾಗುವ ಕ್ರ್ಯಾಶ್ 1.09%, ಎಎನ್‌ಆರ್ 0.47%, ಯಾವುದಾದರೂ ಒಂದೇ ಮಾದರಿಯ ಫೋನಿನಲ್ಲಾದರೆ 8%. ದಾಟಿದರೆ ಸ್ಟೋರಿನಲ್ಲಿ ಆ್ಯಪ್ ಹಿಂದೆ ಸರಿಯಬಹುದು.

ಆ್ಯಪ್ ತೆರೆದ ಕೂಡಲೇ ಬೀಳುವ ಕ್ರ್ಯಾಶ್ ಎಲ್ಲಕ್ಕಿಂತ ಕೆಟ್ಟದ್ದು. ವರದಿ ಕಳಿಸುವಷ್ಟೂ ಹೊತ್ತು ಅದು ಬದುಕದಿರಬಹುದು. 2020ರ ಜುಲೈ 10ರಂದು ಫೇಸ್‌ಬುಕ್ ತನ್ನ ಕಡೆ ಮಾಡಿದ ಒಂದು ಬದಲಾವಣೆಯಿಂದ, ಅದರ ಐಒಎಸ್ ಎಸ್‌ಡಿಕೆ ಇಟ್ಟುಕೊಂಡಿದ್ದ ಸ್ಪಾಟಿಫೈ, ಪಿಂಟರೆಸ್ಟ್, ಟಿಂಡರ್‌ನಂಥ ಆ್ಯಪ್‌ಗಳು ತೆರೆದೊಡನೆ ಮುಚ್ಚಿಕೊಂಡವು. ಆ ಕಂಪನಿಗಳು ತಮ್ಮ ಕೋಡನ್ನು ಮುಟ್ಟಿಯೇ ಇರಲಿಲ್ಲ. ಇಂಥದ್ದಕ್ಕೆ ಸಿದ್ಧರಿರಬೇಕಾದರೆ ಐಒಎಸ್‌ನಲ್ಲಿ ಫೈರ್‌ಬೇಸ್ ಶುರುಮಾಡುವ ಸಾಲನ್ನು ಉಳಿದೆಲ್ಲ ಎಸ್‌ಡಿಕೆಗಳಿಗಿಂತ ಮೇಲಿಡಿ. ಸತತ ಎರಡು ಸಲ ಶುರುವಿನಲ್ಲೇ ಬಿದ್ದದ್ದನ್ನು ಆ್ಯಪ್ ತಾನೇ ಎಣಿಸಿಕೊಂಡು, ಮೂರನೆಯ ಸಲ ಉಳಿಸಿಟ್ಟ ಕಾನ್ಫಿಗ್ (ಸೆಟ್ಟಿಂಗ್‌ಗಳು) ಅಳಿಸಿ, ಹೊರಗಿನ ಎಸ್‌ಡಿಕೆಗಳನ್ನು ಬಿಟ್ಟು ತೆರೆದುಕೊಳ್ಳುವಂತೆ ಬರೆಯಿರಿ. ಇದನ್ನು ಕ್ರ್ಯಾಶ್‌ಲಿಟಿಕ್ಸ್ ಮಾಡಿಕೊಡುವುದಿಲ್ಲ.

ಇನ್ನು ಆ ಶೇಕಡಾವಾರು. ಸೆಷನ್ ಲೆಕ್ಕದಲ್ಲಿ 99.9% ಎಂದರೆ ಸಾವಿರಕ್ಕೊಂದು ಕ್ರ್ಯಾಶ್. ದಿನಕ್ಕೆ 10 ಸಲ ಆ್ಯಪ್ ತೆರೆಯುವವನಿಗೆ ವಾರದಲ್ಲಿ 70 ಸೆಷನ್; ಕ್ರ್ಯಾಶ್‌ಗಳು ಎಲ್ಲರಿಗೂ ಸಮನಾಗಿ ಹಂಚಿಹೋದರೆ, ವಾರದಲ್ಲಿ ಒಮ್ಮೆಯಾದರೂ ಬೀಳುವ ಸಂಭವ ಹತ್ತಿರ ಹತ್ತಿರ 7%. ಅದೇ ಆ್ಯಪ್, ಅದೇ ವಾರ, ಆದರೆ ಬಳಕೆದಾರರ ಲೆಕ್ಕದಲ್ಲಿ 93%! ಆದ್ದರಿಂದ ಎರಡು ವರ್ಶನ್‌ಗಳನ್ನು ಹೋಲಿಸುವಾಗ ಅಳತೆಯೂ ಒಂದೇ, ದಿನಗಳ ಕಿಟಕಿಯೂ ಒಂದೇ ಇರಬೇಕು.

ಹೊಸ ವರ್ಶನ್ ಬಿಟ್ಟ ಮೊದಲ ಗಂಟೆಗಳ ಹಸಿರು ಗೆರೆಗೂ ಮರುಳಾಗಬೇಡಿ. ಮೊದಲು ಅಪ್‌ಡೇಟ್ ಆಗುವುದು ವೈಫೈ ಇರುವ, ಚಾರ್ಜಿಗಿಟ್ಟ ಫೋನುಗಳು. ಬಿದ್ದವರ ವರದಿ ಅವರು ಮತ್ತೆ ಆ್ಯಪ್ ತೆರೆದಾಗ ಬರಬೇಕಷ್ಟೆ. ಪ್ಲೇ ಸ್ಟೋರಿನಲ್ಲಿ 1% ಜನರಿಗಷ್ಟೇ ಬಿಡುಗಡೆ ಮಾಡಿ ಒಂದು ಪೂರ್ತಿ ದಿನ ಕಾದು ಮುಂದುವರಿಯುವುದು ಒಳ್ಳೆಯದು. ಬಿಡುಗಡೆ ನಿಲ್ಲಿಸಿದರೂ ಈಗಾಗಲೇ ಇಳಿದದ್ದು ವಾಪಸ್ ಬಾರದು, ಹೆಚ್ಚಿನ ವರ್ಶನ್ ಕೋಡಿನ (ಆವೃತ್ತಿ ಸಂಖ್ಯೆಯ) ಹೊಸ ಬಿಲ್ಡ್ ಬೇಕು. ಆಪಲ್‌ನ ಹಂತಹಂತದ ಬಿಡುಗಡೆ 7 ದಿನದ್ದು: 1, 2, 5, 10, 20, 50, 100%. ತಾನಾಗಿ ಅಪ್‌ಡೇಟ್ ಆಗುವವರಿಗಷ್ಟೇ ಈ ತಡೆ, ಸ್ಟೋರಿಗೆ ಹೋಗಿ ಕೇಳಿದವರಿಗೆ ಮೊದಲ ದಿನವೇ ಸಿಗುತ್ತದೆ.

ಕ್ರ್ಯಾಶ್‌ಲಿಟಿಕ್ಸ್ ಸ್ಟ್ಯಾಕ್ ಟ್ರೇಸ್‌ಗಳನ್ನು (ಬಿದ್ದಾಗ ಕೋಡಿನ ಯಾವ ಸಾಲುಗಳು ಓಡುತ್ತಿದ್ದವೆಂಬ ಪಟ್ಟಿ) 90 ದಿನ ಇಟ್ಟುಕೊಳ್ಳುತ್ತದೆ. ಹೋದ ವರ್ಷದ ಹಬ್ಬದ ಸೇಲಿನಲ್ಲಿ ಬಿದ್ದದ್ದನ್ನು ಈ ವರ್ಷದ್ದಕ್ಕೆ ಹೋಲಿಸುವ ಆಸೆ ಇದ್ದರೆ ಗೂಗಲ್‌ನ ಮಾಹಿತಿ ಗೋದಾಮು ಬಿಗ್‌ಕ್ವೆರಿಗೆ ಎಕ್ಸ್‌ಪೋರ್ಟನ್ನು ಮೊದಲ ದಿನವೇ ಆನ್ ಮಾಡಿ. ಅಲ್ಲಿ ಮಾತ್ರ ಬಿಲ್ ಬರಬಹುದು.